ತೌಡಿಗೆ ಕೊಂಡ ಕೂಸು

ಮದುವೆಯಾಗಿ ಯಳಂದೂರಿನಿಂದ ಕೌದಳ್ಳಿಗೆ ಬಂದ ಹೊಸದರಲ್ಲಿ ಗಂಡನ ಮನೆಯ ಬೀದಿಯ ಹೆಸರುಗಳನ್ನು ಕೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಎದುರು ಮನೆ ಯಜಮಾನರದು ತಿಪ್ಪೆಯ ಹೆಸರು. ಅವರ ತಮ್ಮನದು ಕಸದ ಹೆಸರು. ಮೂಲೆಮನೆ ಅಜ್ಜಿಯದು, ಹೆಣ್ಣು ಇನ್ನು ಸಾಕಪ್ಪ ಎಂದು ದೇವರಿಗೆ ಕೈಮುಗಿದು ಇಟ್ಟ ಹೆಸರು. ನನ್ನ ಕೈಹಿಡಿದವರದೇ ಕಲ್ಲಿನ ಹೆಸರು. ಬೆಳಗಾಗೆದ್ದು ಹೆಂಗಸರು ಬಾಗಿಲಲ್ಲಿ ನಿಂತು ತಂತಮ್ಮ ಮಕ್ಕಳನ್ನು ಕೂಗಿದರೆ ಎಲ್ಲರೂ ಸೇರಿ ಕೊಟ್ಟಿಗೆ ಬಾಚುತ್ತಿದ್ದಾರೇನೋ ಅನ್ನಿಸುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು, ಆ ಜಂಬ ಬೇರೆ. ನಮ್ಮ ಯಳಂದೂರು ಮಹಾರಾಜರ ಸೀಮೆ, ಕೊಳ್ಳೇಗಾಲದಿಂದ ಈಚೆಗೆ ಮದರಾಸಿನ ಸೀಮೆ. ಇಲ್ಲಿ ಕಚೇರಿಯ ಕಾಗದವೆಲ್ಲ ಕೊಯಮತ್ತೂರಿಗೆ ಹೋಗುತ್ತಿತ್ತು, ಸಂತೆಯಲ್ಲಿ ಅರ್ಧ ಮಾತು ತಮಿಳಾಗಿತ್ತು. ಅದಕ್ಕೇ ಈ ಜನಕ್ಕೆ ಒಳ್ಳೆ ಹೆಸರೆಂದರೆ ಏನು ಅಂತಲೇ ಗೊತ್ತಿಲ್ಲ ಎಂದು ನಾನಾಗಿ ತೀರ್ಮಾನ ಮಾಡಿಕೊಂಡಿದ್ದೆ. ಯಳಂದೂರಿನಲ್ಲೂ ಇಂಥ ಹೆಸರಿನವರು ಇದ್ದರು, ನನ್ನ ಸೋದರಮಾವನೇ ಒಬ್ಬ. ಅದು ಆಗ ನೆನಪಿಗೇ ಬರಲಿಲ್ಲ.

ನನ್ನ ಬಳಿ ಒಂದು ಒಳ್ಳೆ ಹೆಸರಿತ್ತು. ಚಿಕ್ಕವಳಿದ್ದಾಗ ನಮ್ಮೂರಿನ ಹೊನ್ನುಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಆಚೆ ದಡದಲ್ಲಿ ಯಾರೋ ಪರವೂರಿನ ಹೆಂಗಸು ತನ್ನ ಮಗಳನ್ನು ಕೂಗಿದಳು. ಆ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ, ಆಮೇಲೂ ಯಾರ ಮನೆಯಲ್ಲೂ ಕೇಳಲಿಲ್ಲ. ದೇವರದಲ್ಲ, ಅಜ್ಜಿ ಮುತ್ತಜ್ಜಿಯರದಲ್ಲ. ನೀರಿನ ಮೇಲೆ ಹಾಯ್ದು ಬಂದು ನನ್ನ ಕಿವಿಗೆ ಬಿತ್ತು, ಅಲ್ಲೇ ಕೂತುಬಿಟ್ಟಿತು. ನನಗೆ ಮಗಳು ಹುಟ್ಟಿದರೆ ಇದೇ ಎಂದು ಅವತ್ತೇ ಎತ್ತಿಟ್ಟುಕೊಂಡೆ, ಯಾರಿಗೂ ಹೇಳಲಿಲ್ಲ.

ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ಎರಡೂ ತವರಿನಲ್ಲೇ ಹುಟ್ಟಿದವು, ಎರಡೂ ಹೆಸರಿಡುವ ಮುಂಚೆಯೇ ಹೋದವು. ಮೊದಲನೆಯದಕ್ಕೆ ಜ್ವರ. ಎರಡನೆಯದಕ್ಕೆ ಏನೂ ಇರಲಿಲ್ಲ, ಬೆಳಗ್ಗೆ ಎತ್ತಿಕೊಂಡರೆ ತಣ್ಣಗಿತ್ತು. ಬರಿಗೈಯಲ್ಲಿ ಕೌದಳ್ಳಿಗೆ ಬಂದಾಗ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಎದುರು ಮನೆಯವಳು ತನ್ನ ಅತ್ತೆಯ ಸಂಗತಿ ಹೇಳಿದಳು, ತಿಪ್ಪೆಯ ಹೆಸರಿನವರಿಗಿಂತ ಮುಂಚೆ ಹುಟ್ಟಿದವರ ಸಂಗತಿ. ಹೀಗೆ ಒಂದೊಂದು ಕೆಟ್ಟ ಹೆಸರಿನ ಹಿಂದೆಯೂ ಹೋದ ಕೂಸುಗಳಿದ್ದವು. ಆಮೇಲೆ ನನಗೆ ಆ ಬೀದಿಯಲ್ಲಿ ನಗು ಬರಲಿಲ್ಲ.

ಮೂರನೆಯದು ನಿಂತಾಗ ನಮ್ಮತ್ತೆ ತವರಿಗೆ ಕಳಿಸಲಿಲ್ಲ. ಹೆರಿಗೆ ಇಲ್ಲೇ ಆಗಲಿ, ಹುಟ್ಟಿದ್ದನ್ನು ತೌಡಿಗೆ ಮಾರಿ ಕೊಳ್ಳುವುದು ಎಂದರು. ಅದು ಇಲ್ಲಿಯ ಹಳೆಯ ಪದ್ಧತಿ. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲಿಟ್ಟು ಬರಬೇಕು. ಒಂದು ಮಗುವನ್ನೂ ಕಳೆದುಕೊಳ್ಳದ ಹೆಂಗಸು ಬಂದು ಅದನ್ನು ಎತ್ತಿಕೊಳ್ಳಬೇಕು. ಅಲ್ಲಿಗೆ ಕೂಸು ಅವಳದು. ಆಮೇಲೆ ಹೆತ್ತವರು ಒಂದು ಮೊರ ತೌಡು ಕೊಟ್ಟು ಅದನ್ನು ಅವಳಿಂದ ಕೊಂಡುಕೊಳ್ಳಬೇಕು, ತೌಡಿನ ಹೆಸರನ್ನೇ ಇಡಬೇಕು. ಎರಡು ಸಲ ಬಂದು ಹೋದ ‘ಅದು’ ಮೂರನೇ ಸಲ ಬಂದು ನೋಡಿದಾಗ, ಇದು ಇವರು ಹೆತ್ತದ್ದಲ್ಲ, ದನದ ಮೇವಿಗೆ ಕೊಂಡದ್ದು, ಇದನ್ನು ಕಿತ್ತುಕೊಂಡರೂ ಇವರಿಗೆ ನಷ್ಟವಿಲ್ಲ ಎಂದು ಮುಂದೆ ಹೋಗಬೇಕು. ಅದರ ಹೆಸರನ್ನು ನಮ್ಮತ್ತೆ ಎಂದೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾನೂ ಬರೆಯುವುದಿಲ್ಲ.

ಇದರಲ್ಲಿ ತಪ್ಪಬಾರದ ಒಂದು ಮಾತಿತ್ತು. ತಿಪ್ಪೆಗೆ ಇಟ್ಟ ಮೇಲೆ ತೌಡು ಕೈಬದಲಾಗುವ ತನಕ ಹೆತ್ತವಳು ಕೂಸನ್ನು ಕರೆಯಬಾರದು, ಮುಟ್ಟಬಾರದು. ಮುಟ್ಟಿದರೆ ತಾಯಿ ಇದ್ದಾಳೆ ಎಂದು ಗೊತ್ತಾಗಿಹೋಗುತ್ತದೆ, ವ್ಯಾಪಾರ ಕೆಡುತ್ತದೆ.

ಹೆಣ್ಣು ಹುಟ್ಟಿತು. ಮೂಗು ನನ್ನದು, ಕಿವಿ ಅವರದು. ನಾನು ಜಗಳಕ್ಕೆ ನಿಂತೆ. ನನ್ನ ಮಗಳನ್ನು ತಿಪ್ಪೆಗೆ ಹಾಕುವುದಿಲ್ಲ, ದನ ತಿನ್ನುವ ವಸ್ತುವಿನ ಹೆಸರಿಡುವುದಿಲ್ಲ, ಬೇಕಾದರೆ ತವರಿಗೆ ಹೋಗುತ್ತೇನೆ ಎಂದೆ. ನಮ್ಮನೆಯವರು ಎರಡು ಕಡೆಯೂ ಮಾತಾಡದೆ ಹೊಲಕ್ಕೆ ಹೋಗಿಬಿಡುತ್ತಿದ್ದರು. ಅತ್ತೆಗೆ ಒಂದು ಕಾಲು ಸರಿಯಿರಲಿಲ್ಲ. ಒಂದು ದಿನ ಕಾಲೆಳೆದುಕೊಂಡು ಬಾಣಂತಿ ಕೋಣೆಗೆ ಬಂದು, ಸಾಂಬ್ರಾಣಿ ಹೊಗೆಯಲ್ಲಿ ನನ್ನ ಮುಂದೆ ಕೂತು ಹೇಳಿದರು:

“ನಿನ್ ಗಂಡನ್ನ ತಿಪ್ಪ ಮೇಲ ಮಡಗ್ದಾಗ ನಾನೂ ಅತ್ತಿದ್ದೀನಿ. ಕಲ್ಲು ಅಂತ ಕೂಗ್ದಾಗೆಲ್ಲ ನನ್ ಒಟ್ಟ ಉರೀತಿತ್ತು. ಆದ್ರ ಕರದ್ರ ಬತ್ತಾನ ಕಣಮ್ಮಿ. ಅವನ್ಗಿಂತ ಮುಂಚ ಉಟ್ಟಿದ್ವು ಕರದ್ರೂ ಬರ್ನಿಲ್ಲ. ಇವ್ನು ಬತ್ತಾನ. ನಂಗ ಅಷ್ಟೇ ಸಾಕು.”

ಆಗಲಿ ಎಂದೆ. ಆದರೆ ಒಳಗೇ ನನ್ನದೊಂದು ಲೆಕ್ಕ ಇಟ್ಟುಕೊಂಡೆ. ಬಾಯಲ್ಲಿ ಇವರು ಹೇಳಿದ ಹೆಸರು ಇರಲಿ, ಮನಸ್ಸಿನಲ್ಲಿ ನಾನು ನನ್ನ ಹೆಸರನ್ನೇ ಕರೆಯುತ್ತೇನೆ, ದೊಡ್ಡವಳಾದ ಮೇಲೆ ಅವಳಿಗೆ ಹೇಳುತ್ತೇನೆ. ಹಾಲು ಕುಡಿಸುವಾಗೆಲ್ಲ ತುಟಿ ಅಲುಗಿಸದೆ ಕರೆಯುತ್ತಲೂ ಇದ್ದೆ.

ಕೂಸನ್ನು ಎತ್ತಿಕೊಳ್ಳುವವಳನ್ನು ಅತ್ತೆಯೇ ಗೊತ್ತುಮಾಡಿದರು. ಕಾಡಂಚಿನ ಊರು ಹೂಗ್ಯಂನಿಂದ ವಾರವಾರ ಸಂತೆಗೆ ಹುಣಸೆಹಣ್ಣು, ಸೀಗೆಕಾಯಿ ತರುತ್ತಿದ್ದ ಹೆಂಗಸು. ಎತ್ತರದ ಆಳು, ಗಟ್ಟಿ ದನಿ, ಮನೆ ತುಂಬ ಮಕ್ಕಳು, ಒಂದೂ ಹೋಗಿರಲಿಲ್ಲ. ಅವಳು ನಮ್ಮ ಜಾತಿಯವಳಲ್ಲ, ನಮ್ಮ ಮನೆಯಲ್ಲಿ ಜಗಲಿ ದಾಟಿ ಒಳಗೆ ಬಂದವಳಲ್ಲ. ಈ ಒಂದು ಕೆಲಸಕ್ಕೆ ಅದೆಲ್ಲ ಅಡ್ಡಿ ಬರುತ್ತಿರಲಿಲ್ಲ. ಅತ್ತೆ ಕೇಳಿದ್ದಕ್ಕೆ ಅವಳು ಒಪ್ಪಿದಳು, ಅತ್ತೆ ಕೈಮುಗಿದರು, ಮಾತು ಮುಗಿಯಿತು. ಹೇಗೆ ಮಾಡುವುದು ಎಂದು ಇಬ್ಬರೂ ಮಾತಾಡಿಕೊಳ್ಳಲಿಲ್ಲ. ಇಬ್ಬರಿಗೂ ಗೊತ್ತಿದ್ದ ಕೆಲಸ, ಮಾತಾಡುವುದೇನಿದೆ.

ತಿಂಗಳು ತುಂಬಿದ ಮೇಲೆ ಒಂದು ಸಂತೆಯ ದಿನ. ನಮ್ಮನೆಯವರು ಕೊಳ್ಳೇಗಾಲಕ್ಕೆ ಹೋಗಿದ್ದರು, ಅಥವಾ ಇದನ್ನು ನೋಡಲಾರದೆ ಹೋಗಿದ್ದರು. ಕೂಸನ್ನು ಹಳೇ ಸೀರೆ ಚೂರಿನಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದೆ. ಅತ್ತೆ ಮೊರ ತೆಗೆದುಕೊಂಡು ಹೋಗಿ ತಿಪ್ಪೆಯ ಅಂಚಿನಲ್ಲಿಟ್ಟರು. ನಾನು ಹಿತ್ತಲ ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ. ಹೂಗ್ಯಂನವಳು ಸಂತೆ ಮುಗಿಸಿ ಬಂದಳು, ಏನೂ ಗೊತ್ತಿಲ್ಲದವಳ ಹಾಗೆ ತಿಪ್ಪೆಯ ಹತ್ತಿರ ನಿಂತಳು, ತಿಪ್ಪೆಯಲ್ಲಿ ಕೂಸು ಬಿದ್ದಿದೆ, ಯಾರದೂ ಅಲ್ಲದಿದ್ದರೆ ನನ್ನದೇ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ ಎತ್ತಿಕೊಂಡಳು.

ನಮ್ಮ ಕಡೆಯ ಪದ್ಧತಿಯಲ್ಲಿ ಅವಳು ಬೀದಿಯ ತುದಿಯ ಹುಣಸೆಮರದ ತನಕ ಹೋಗಿ, ಅದನ್ನು ಒಂದು ಸುತ್ತು ಹಾಕಿ, ತಿರುಗಿ ಬರಬೇಕು. ಅಷ್ಟರಲ್ಲಿ ನಾವು ತೌಡಿನ ಮೊರ ಹಿಡಿದು ನಿಂತಿರಬೇಕು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಅತ್ತೆ ತೌಡು ಹಿಡಿದು ನಿಂತರು. ಅವಳು ಮರದ ತನಕ ಹೋದಳು. ಮರ ದಾಟಿದಳು. ಮರದ ಆಚೆ ಅವಳ ಗಂಡ ಎತ್ತಿನಗಾಡಿ ನಿಲ್ಲಿಸಿಕೊಂಡಿದ್ದ. ಕೂಸನ್ನು ಎದೆಗೆ ಅವುಚಿಕೊಂಡು ಗಾಡಿ ಹತ್ತಿ ಕೂತಳು, ಗಾಡಿ ಹೊರಟಿತು.

ಅತ್ತೆ ಮೊರ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಇವಳು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ತಿರುವಿನಲ್ಲಿ ಗಾಡಿ ಮರೆಯಾಗುವಾಗ ಕೂಸು ಅಳುವುದು ಕೇಳಿಸಿತು. ನನ್ನ ಎದೆಯಲ್ಲಿ ಹಾಲು ಜುಮ್ಮೆಂದು ಇಳಿಯಿತು. ನಾನು ಹಿತ್ತಲಿಂದ ಓಡಿಬಂದು ಅತ್ತೆಯ ಮೊರದಲ್ಲಿದ್ದ ತೌಡನ್ನು ಸೆರಗಿಗೆ ಸುರಿದುಕೊಂಡು ಗಂಟು ಹಾಕಿದೆ. ಬಾಣಂತಿ ಹೊಸಿಲು ದಾಟಬಾರದು, ಬಿಸಿಲಿಗೆ ಬೀಳಬಾರದು ಎಂದು ತಿಂಗಳಿಡೀ ಹೇಳಿದ್ದ ಅತ್ತೆ ಅದೊಂದನ್ನೂ ಹೇಳಲಿಲ್ಲ. ನನ್ನ ರಟ್ಟೆ ಮಾತ್ರ ಬಿಗಿಯಾಗಿ ಹಿಡಿದರು.

“ಕರೀಬ್ಯಾಡ,” ಅಂದರು. “ಏನಾದ್ರೂ ಆಗ್ಲಿ, ಕರೀಬ್ಯಾಡ.”

ಗಾಡಿ ನಿಧಾನವಾಗಿ ಹೋಗುತ್ತಿತ್ತು. ಊರ ಹೊರಗೆ ಹಳ್ಳದ ಮರಳಿನ ಹತ್ತಿರ ಅದು ನನಗೆ ಸಿಕ್ಕಿತು. ನಾನು ಕೂಗಬಹುದಿತ್ತು, ಎತ್ತಿನ ಮುಂದೆ ಹೋಗಿ ನಿಲ್ಲಬಹುದಿತ್ತು. ಈ ಪದ್ಧತಿಯನ್ನು ಗೊಡ್ಡು ಎಂದು ಆಡಿಕೊಂಡವಳು ನಾನೇ. ಆದರೆ ಬಾಯಿ ಏಳಲಿಲ್ಲ. ಎರಡು ಕೂಸು ಕಳೆದುಕೊಂಡವಳಿಗೆ ಗೊಡ್ಡು ಯಾವುದು ಗಟ್ಟಿ ಯಾವುದು ಎಂದು ನೋಡುವ ಧೈರ್ಯ ಎಲ್ಲಿಂದ ಬರಬೇಕು. ಕರುವನ್ನು ಹೊತ್ತುಕೊಂಡು ಹೋಗುವವರ ಹಿಂದೆ ಹಸು ಹೋಗುತ್ತದಲ್ಲ, ಹಾಗೆ ಗಾಡಿಯ ಹಿಂದೆ ನಡೆದೆ. ಕೂಸು ಅತ್ತಾಗ ಜೋರಾಗಿ ನಡೆಯುತ್ತಿದ್ದೆ, ಸುಮ್ಮನಾದಾಗ ಇನ್ನೂ ಜೋರಾಗಿ.

ಹೂಗ್ಯಂನವಳು ಹಿಂದೆ ತಿರುಗಿ ನೋಡಿದವಳು ಗಾಡಿ ನಿಲ್ಲಿಸಲು ಗಂಡನಿಗೆ ಹೇಳಿದಳು. ಅವಳ ಮುಖದಲ್ಲಿ ಕಳ್ಳತನವಾಗಲಿ ಗಾಬರಿಯಾಗಲಿ ಇರಲಿಲ್ಲ, ಇಷ್ಟು ಬೇಗ ಬಂದಳಲ್ಲ ಎನ್ನುವ ಆಶ್ಚರ್ಯ ಮಾತ್ರ ಇತ್ತು. ಸಂಜೆಗೆ ನಿಮ್ಮ ಗಾಡಿಯಲ್ಲಿ ಬರುತ್ತೀರಿ ಎಂದುಕೊಂಡಿದ್ದೆ, ಹಸಿ ಬಾಣಂತಿ ನಡೆದು ಬರುವುದುಂಟೆ ಎಂದು ನನ್ನನ್ನೇ ಬೈದಳು. ಹತ್ತಿ ಕೂತುಕೋ, ಕೂಸನ್ನು ಮಾತ್ರ ಮುಟ್ಟಬೇಡ ಅಂದಳು.

ಖಾಲಿ ಬುಟ್ಟಿಗಳ ನಡುವೆ ಅವಳ ಎದುರಿಗೆ ಕೂತೆ. ನನ್ನ ಮಗಳು ಅವಳ ತೊಡೆಯ ಮೇಲಿದ್ದಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮರದಿಂದ ತಿರುಗಿ ಬರಬೇಕಾಗಿತ್ತಲ್ಲ ಎಂದು ಹೇಗೋ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ನಮ್ಮ ಪದ್ಧತಿ ಹೇಳಿದ ಮೇಲೆ ಅವಳು ನಿಜಕ್ಕೂ ನಕ್ಕಳು. ಅವರ ಊರಿನಲ್ಲಿ ಎತ್ತಿಕೊಂಡವಳು ಕೂಸನ್ನು ತನ್ನ ಮನೆಗೆ ಕರೆದುಕೊಂಡು ಹೋಗಬೇಕು. ಅದು ಆ ಮನೆಯ ಎದೆಹಾಲು ಕುಡಿಯಬೇಕು. ಹೆತ್ತವರು ತಂದ ತೌಡನ್ನು ಆ ಮನೆಯ ಹಸು ತಿನ್ನಬೇಕು. ಹಸು ಬಾಯಿಟ್ಟರೆ ವ್ಯಾಪಾರ ಮುಗಿದಂತೆ.

“ಮರ ಸುತ್ಕಂಡು ಬಂದ್ರ ಮೋಸ ಓಗಕ ಅದೇನ್ ಕುರುಡಾ ತಾಯಿ?” ಅಂದಳು.

ಅವಳ ಮಾತು ನನಗೆ ಸರಿ ಅನ್ನಿಸಿತು, ಅದೇ ನನ್ನನ್ನು ಹೆದರಿಸಿತು. ಕೂಸು ಹಸಿದು ಅಳತೊಡಗಿತು. ಅವಳು ಸಂತೆಯಲ್ಲಿ ಕೊಂಡ ಬೆಲ್ಲವನ್ನು ನೀರಿನಲ್ಲಿ ಕದಡಿ, ಬಟ್ಟೆ ಅದ್ದಿ, ಬಾಯಿಗೆ ಹಚ್ಚಿದಳು. ಸ್ವಲ್ಪ ಚೀಪುತ್ತಿತ್ತು, ಮತ್ತೆ ಅಳುತ್ತಿತ್ತು. ನನ್ನ ಕುಪ್ಪಸ ಪೂರಾ ನೆನೆದು ಹಾಲು ಸೆರಗಿಗೆ ಇಳಿಯಿತು, ಸೆರಗಿನಲ್ಲೇ ತೌಡಿನ ಗಂಟು. ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಗಾಡಿ ಹೊಡೆಯುತ್ತಿದ್ದ ಅವಳ ಗಂಡ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಲಿಲ್ಲ. ಮುಳ್ಳುಪೊದೆಗಳು ಮುಗಿದು ಕಾಡು ಹತ್ತಿರವಾಗುತ್ತ ಬಂತು. ಅಷ್ಟು ಉದ್ದದ ದಾರಿಯನ್ನು ನಾನು ಆಮೇಲೆ ಕಂಡಿಲ್ಲ.

ಅವಳ ಮನೆಯಲ್ಲಿ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳದೂ ಹೆಣ್ಣು ಕೂಸು, ನನ್ನದಕ್ಕಿಂತ ಸ್ವಲ್ಪ ದೊಡ್ಡದು, ಇನ್ನೂ ಹೆಸರಿಟ್ಟಿರಲಿಲ್ಲ. ಗಾಡಿ ಇಳಿದ ಕೂಡಲೇ ತಾಯಿ ನನ್ನ ಕೂಸನ್ನು ಮಗಳ ಕೈಗೆ ಕೊಟ್ಟಳು. ಆ ಹುಡುಗಿ ಗೋಡೆಗೆ ಒರಗಿ ಕೂತು, ಒಂದು ಕಡೆ ತನ್ನದನ್ನು, ಒಂದು ಕಡೆ ನನ್ನದನ್ನು ಹಾಕಿಕೊಂಡಳು. ನನ್ನ ಮಗಳು ಗುಟುಕು ಗುಟುಕಾಗಿ ಕುಡಿದು ಸುಮ್ಮನಾದಳು. ಹೊಟ್ಟೆ ತುಂಬಿತಲ್ಲ ಎಂದು ಸಂತೋಷ ಪಡಬೇಕಾಗಿತ್ತು. ಹೊಟ್ಟೆಕಿಚ್ಚಿನಿಂದ ಸುಟ್ಟುಹೋದೆ. ಹಾಲು ಗಟ್ಟಿಯಾಗಿ ನನ್ನ ಎದೆ ಕಲ್ಲಾಗಿತ್ತು, ನನ್ನ ಕೂಸು ಬೇರೆಯವಳ ಮಡಿಲಿನಲ್ಲಿ ಕಾಲು ಆಡಿಸುತ್ತಿತ್ತು.

ಹಸು ಮೇಯಲು ಹೋಗಿತ್ತು. ದನ ಬರುವ ಹೊತ್ತಿನ ತನಕ ಕಾಯಬೇಕಾಯಿತು. ನಾನು ಅಂಗಳದಲ್ಲಿ ಕೂತು ಕಾಡಿನ ಕಡೆಗೇ ನೋಡುತ್ತಿದ್ದೆ. ಕಡೆಗೆ ದೂಳು ಕಾಣಿಸಿತು, ಗಂಟೆ ಸದ್ದು ಕೇಳಿಸಿತು. ಕೆಂದು ಬಣ್ಣದ ಹಸು, ಕೊಂಬು ಒಂದು ಸೊಟ್ಟ. ಅದು ಅಂಗಳಕ್ಕೆ ಬಂದು ನಿಂತಿತು. ನಾನು ಸೆರಗಿನ ಗಂಟು ಬಿಚ್ಚಿ ತೌಡನ್ನು ಬಾನಿಗೆ ಸುರಿದೆ. ಬೆವರಿಗೂ ಹಾಲಿಗೂ ಅದು ಮುದ್ದೆ ಮುದ್ದೆಯಾಗಿತ್ತು.

ಹಸು ಮೂತಿ ಇಳಿಸಿತು. ಮೂಸಿತು. ಬುಸ್ಸೆಂದು ಉಸಿರು ಬಿಟ್ಟು ತಲೆ ಆಚೆಗೆ ತಿರುಗಿಸಿತು.

ಹೂಗ್ಯಂನವಳು ಹಸುವಿನ ಕುತ್ತಿಗೆ ಹಿಡಿದು ಮತ್ತೆ ಬಾನಿಗೆ ಬಗ್ಗಿಸಿದಳು. ಅದು ಮತ್ತೆ ತಲೆ ಕೊಡವಿತು. ಅದುವರೆಗೆ ನಗುನಗುತ್ತ ಇದ್ದ ಹೆಂಗಸಿನ ಮುಖ ಇಳಿದುಹೋಯಿತು. ನಾನು ಬಾನಿಯ ಅಂಚು ಹಿಡಿದು ಅಲ್ಲೇ ಕುಕ್ಕರಿಸಿದೆ. ಈ ಕೂಸನ್ನೂ ಬಿಡುವುದಿಲ್ಲ ಎಂದು ಹಸುವಿನ ಬಾಯಲ್ಲಿ ಹೇಳಿಸಿದ ಹಾಗಿತ್ತು. ಅವಳು ನನ್ನ ಪಕ್ಕದಲ್ಲಿ ಬಂದು ಕೂತು, ಗಲ್ಲ ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿಕೊಂಡಳು.

“ಇನ್ನೊಂದ್ ಎಸ್ರು ಮಡಿಕಂಡಿದ್ದೀಯಾ ಒಳಗ?”

ನಾನು ಸುಳ್ಳು ಹೇಳಲಿಲ್ಲ. ತಲೆಯಾಡಿಸಿದೆ.

“ಬಾಯ್ಲೊಂದು ಮನಸ್ಲೊಂದು ಮಡಿಕಂಡ್ರ ಕೂಸು ಯಾವ ಕಡೀಕ ತಿರುಗಾದು? ಅದ ಇಲ್ಲೇ ಬುಟ್ಟು ಓಗು ತಾಯಿ.”

ಮರಕ್ಕೆ ಹೇಳು, ಕಲ್ಲಿಗೆ ಹೇಳು, ಹೇಳಿ ಕೈ ತೊಳೆದುಕೋ, ಮತ್ತೆ ಮನಸ್ಸಿಗೆ ತರಬೇಡ ಎಂದಳು. ನಾನು ಅಳತೊಡಗಿದೆ. ಹೊನ್ನುಹೊಳೆಯ ದಡದಿಂದ ಇಟ್ಟುಕೊಂಡು ಬಂದಿದ್ದು. ಮೊದಲನೆಯ ಮಗಳಿಗೆ ಇಡಲಾಗದೆ ಉಳಿದಿದ್ದು. ನನ್ನದು ಅಂತ ನನ್ನ ಹತ್ತಿರ ಇದ್ದಿದ್ದೇ ಅದೊಂದು, ಅದನ್ನು ಒಂದು ಕಲ್ಲಿಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿ ತೆರೆದಳು. ಅಷ್ಟು ಒಳ್ಳೆ ಹೆಸರಾದರೆ ತನ್ನ ಕೂಸಿಗೆ ಇರಲಿ, ಕಲ್ಲಿಗೆ ಯಾಕೆ ಹೇಳಬೇಕು ಎಂದಳು. ತಮ್ಮ ಮನೆಯಲ್ಲಿ ಯಾವ ಕೂಸೂ ಹೋಗಿಲ್ಲ, ತಮಗೇನು ಭಯ ಎಂದಳು. ತಾಯಿ ಒಂದು ಗಳಿಗೆ ಮಗಳನ್ನು ದುರುಗುಟ್ಟಿ ನೋಡಿದಳು, ಬೇಡ ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ಮಗಳು ತನ್ನ ಕೂಸನ್ನು ತಂದು ನನ್ನ ಮುಂದೆ ಹಿಡಿದಳು. ನಾನು ಬಗ್ಗಿ ಆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದೆ. ಅದು ನಿದ್ದೆಗಣ್ಣಿನಲ್ಲಿ ಒಂದು ಸಲ ತುಟಿ ಅಲುಗಿಸಿತು. ತಾಯಿಯೂ ಕಿವಿಗೊಟ್ಟು ಕೇಳಿಸಿಕೊಂಡಳು, ಆಮೇಲೆ ಮೆಲ್ಲಗೆ ಅಂದು ನೋಡಿದಳು. ಬೇರೆಯವರ ಬಾಯಲ್ಲಿ ಅದನ್ನು ಎರಡನೇ ಸಲ ಕೇಳುತ್ತಿದ್ದೆ.

ತಾಯಿ ಎದ್ದು ಹೋಗಿ ತೌಡಿಗೆ ಒಂದು ಪಾತ್ರೆ ಕಲಗಚ್ಚು ಸುರಿದು ಕೈಯಾಡಿಸಿದಳು. ಹಸು ಬಾನಿಗೆ ಮೂತಿ ಹಾಕಿ, ತಳ ಕಾಣುವ ತನಕ ತಲೆ ಎತ್ತಲಿಲ್ಲ. ಕಲಗಚ್ಚು ಕಂಡ ಹಸು ತಿನ್ನದೆ ಬಿಡುತ್ತದೆಯೇ ಎಂದು ಈಗ ಯಾರಾದರೂ ನನ್ನನ್ನು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅವತ್ತು ಮಾತ್ರ ನಾನು ಆ ಸೊಟ್ಟ ಕೊಂಬಿನ ಹಸುವಿನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹೂಗ್ಯಂನವಳು ನನ್ನ ಮಗಳನ್ನು ತಂದು, ತೌಡಿನ ಹೆಸರನ್ನು ಗಟ್ಟಿಯಾಗಿ ಕೂಗಿ, ನನ್ನ ಮಡಿಲಿಗೆ ಹಾಕಿದಳು. ಹೊಟ್ಟೆ ತುಂಬಿದ್ದರೂ ನನ್ನ ಹಾಲನ್ನೂ ಕುಡಿಯಿತು.

ಬೆಳಗ್ಗೆ ನಮ್ಮನೆಯವರು ಗಾಡಿ ಕಟ್ಟಿಕೊಂಡು ಬಂದರು. ಏನು ಕಡಿಮೆಯಾಗಿದೆಯೋ ಗೊತ್ತಿಲ್ಲದೆ ಒಂದು ಮೂಟೆ ತೌಡು ಹೇರಿಕೊಂಡು ಬಂದಿದ್ದರು, ಪಾಪ. ಮನೆಯಲ್ಲಿ ಅತ್ತೆ ಹೊಸಿಲ ಮೇಲೆ ಕೂತಿದ್ದರು. ಅವರು ಹಿಂದಿನ ದಿನದಿಂದ ಅಲ್ಲಿಂದ ಎದ್ದಿರಲಿಲ್ಲವಂತೆ. ಕೂಸಿನ ಮುಖ ನೋಡಿ, ಕೋತಿ ಮೂತಿ, ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ಬೈದು ಒಳಗೆ ಹೋದರು. ಅಡುಗೆಮನೆಯಲ್ಲಿ ಅವರು ಬಿಕ್ಕುವುದು ನನಗೆ ಕೇಳಿಸಿತು. ಯಾರ ಹಾಲು ಕುಡಿಯಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನನ್ನ ಮಗಳು ಬೆಳೆದಳು. ಜ್ವರ ಬಂತು, ಹೋಯಿತು, ಹಲ್ಲು ಬಂತು. ಎಲ್ಲರೂ ಅವಳನ್ನು ತೌಡಿನ ಹೆಸರಿನಿಂದ ಕರೆದರು, ನಾನೂ ಕರೆದೆ. ಆದರೆ ನನ್ನ ಹೆದರಿಕೆ ಹೋಗಲಿಲ್ಲ, ಜಾಗ ಬದಲಾಯಿಸಿತು ಅಷ್ಟೆ. ಒಳ್ಳೆ ಹೆಸರನ್ನು ಹುಡುಕಿಕೊಂಡು ‘ಅದು’ ಹೂಗ್ಯಂಗೆ ಹೋದರೆ ಎಂದು ಶುರುವಾಯಿತು. ಪ್ರತಿ ಸಂತೆಯಲ್ಲೂ ಹುಣಸೆಹಣ್ಣಿನ ಬುಟ್ಟಿಯ ಮುಂದೆ ನಿಂತು, ಬೇಡದಿದ್ದರೂ ಹಣ್ಣು ಮುಟ್ಟಿ ನೋಡುತ್ತ, ಮೊಮ್ಮಗಳು ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. ಚೆನ್ನಾಗಿದ್ದಾಳೆ ಎಂದು ಅವಳು ಹೇಳುತ್ತಿದ್ದಳು. ಆ ಮಾತು ಕೇಳಿದ ಮೇಲೆ ಒಂದು ವಾರ ಉಸಿರಾಡುತ್ತಿದ್ದೆ. ಅವಳ ಮಗಳ ಗಂಡನ ಮನೆಯೂ ಹೂಗ್ಯಂನಲ್ಲೇ ಇದ್ದಿದ್ದರಿಂದ ಸುದ್ದಿ ಸಿಗುತ್ತಿತ್ತು.

ನನ್ನ ಮಗಳಿಗೆ ಮೂರು ತುಂಬಿದ ಬೇಸಿಗೆಯಲ್ಲಿ ಹೂಗ್ಯಂನವಳು ಸಂತೆಗೆ ಬರಲಿಲ್ಲ. ಮುಂದಿನ ಸಂತೆಗೂ ಬರಲಿಲ್ಲ. ಕಾಡಂಚಿನ ಊರುಗಳಲ್ಲಿ ಅಮ್ಮ ಎದ್ದಿದೆ, ಯಾರೂ ಆ ಕಡೆ ಹೋಗಬೇಡಿ ಎಂದು ಸುದ್ದಿ ಬಂತು. ಅವಳು ಕೂರುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಮೆಣಸಿನಕಾಯಿ ಹರವಿಕೊಂಡು ಕೂತಿದ್ದರು. ನನಗೆ ಅನ್ನ ಸೇರದಾಯಿತು. ಅತ್ತೆ ಕಾರಣ ಕೇಳಿದರೆ ಹೇಳಲಾರೆ. ನನ್ನ ಮಗಳು ಅಂಗಳದಲ್ಲಿ ಆಡುವುದನ್ನು ನೋಡಿದರೆ, ಇವಳ ಬದಲಿಗೆ ಅವಳನ್ನು ಕೊಟ್ಟುಬಿಟ್ಟೆನೇ ಎನ್ನಿಸಿ ಎದ್ದು ಒಳಗೆ ಹೋಗುತ್ತಿದ್ದೆ. ಹಾಗೆ ಮಳೆಗಾಲ ಬಂದು ಹೋಯಿತು.

ಮಳೆ ನಿಂತ ಮೇಲಿನ ಒಂದು ಸಂತೆಯ ದಿನ ಮಧ್ಯಾಹ್ನ ಹೂಗ್ಯಂನವಳು ನೇರ ನಮ್ಮ ಮನೆಗೇ ಬಂದಳು. ಕೈಯಲ್ಲಿ ಒಂದು ಮಗು. ಮುಖದ ತುಂಬ ಕಲೆ, ಕಣ್ಣು ಎರಡೂ ಚೆನ್ನಾಗಿದ್ದವು. ಅಮ್ಮ ಆಡಿಕೊಂಡು ಹೋಯಿತು, ಬಿಟ್ಟು ಹೋಯಿತು ಎಂದು ಅವಳು ಅಂದಳು. ನಾನು ಆ ಮಗುವನ್ನು ಎತ್ತಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಕಡೆಗೆ ಅದೇ ಕೊಸರಿಕೊಂಡು ಇಳಿಯಿತು. ಅತ್ತೆ ಅವಳಿಗೆ ಜಗಲಿಯ ಮೇಲೆ ಮಣೆ ಹಾಕಿಸಿದರು, ಮಜ್ಜಿಗೆ ತರಲು ಹೇಳಿದರು. ಎರಡು ಮಕ್ಕಳೂ ಬೀದಿಗೆ ಇಳಿದು, ಹುಣಸೆಮರದ ಕೆಳಗೆ ಗಾಡಿ ದಾರಿಯಲ್ಲೇ ಕೂತು, ಹುಣಸೆಬೀಜ ಆಡತೊಡಗಿದವು.

ಮಜ್ಜಿಗೆ ತಂದುಕೊಟ್ಟು ನಾನು ಬೀದಿಗೆ ಕಾಲಿಟ್ಟಿದ್ದೆ. ಸಂತೆಮಾಳದ ಕಡೆಯಿಂದ ಕೂಗು ಎದ್ದಿತು. ನೊಗ ಕಟ್ಟಿದ್ದ ಜೋಡಿ ಎತ್ತು ಯಾವುದಕ್ಕೋ ಬೆದರಿ ಖಾಲಿ ಗಾಡಿ ಎಳೆದುಕೊಂಡು ತಿರುವಿನಲ್ಲಿ ಬಂತು. ಗಾಡಿಯ ಮೇಲೆ ಯಾರೂ ಇರಲಿಲ್ಲ. ಮಕ್ಕಳು ಎರಡೂ ದಾರಿಯ ನಡುವೆ ತಲೆ ಬಗ್ಗಿಸಿಕೊಂಡು ಕೂತಿದ್ದವು. ನಾನು ಕೂಗಿದೆ. ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಬಾಯಿಂದ ಬಂದದ್ದು ತೌಡಿನ ಹೆಸರಲ್ಲ, ಹೊನ್ನುಹೊಳೆಯದು.

ಹೂಗ್ಯಂನ ಮಗು ತಟ್ಟನೆ ತಲೆ ಎತ್ತಿತು, ಎದ್ದು ನನ್ನ ಕಡೆಗೆ ಓಡಿಬಂತು. ನನ್ನ ಮಗಳು ತಲೆ ಎತ್ತಲಿಲ್ಲ. ಕೂಗಿದ್ದು ಅವಳನ್ನಲ್ಲವಲ್ಲ. ಬೀಜ ಆರಿಸುತ್ತ ಅಲ್ಲೇ ಕೂತಿದ್ದಳು. ನನ್ನ ಬಾಯಿಗೆ ಇನ್ನೊಂದು ಹೆಸರು ಬರಲಿಲ್ಲ.

ಹಿಂದಿನಿಂದ ಅತ್ತೆಯ ದನಿ ಬಂತು. ಜಗಲಿಯ ಮೇಲೆ ಎದ್ದು ನಿಂತು ತೌಡಿನ ಹೆಸರನ್ನು ಕೂಗಿದರು, ದಿನಾ ಊಟಕ್ಕೆ ಕರೆಯುವ ಹಾಗೆ, ಉದ್ದವಾಗಿ. ನನ್ನ ಮಗಳು ಬೀಜವನ್ನೆಲ್ಲ ಅಲ್ಲೇ ಬಿಟ್ಟು ಎದ್ದಳು, ಅಜ್ಜಿ ಎಂದು ಓಡಿದಳು. ಗಾಡಿಯ ಚಕ್ರ ಬೀಜಗಳ ಮೇಲೆ ಹೋಯಿತು.

ಅತ್ತೆ ಅವಳನ್ನು ಸೊಂಟಕ್ಕೆ ಎತ್ತಿಕೊಂಡು, ಕಾಲೆಳೆಯುತ್ತ ನನ್ನ ಹತ್ತಿರ ಬಂದರು.

“ಯಾರ್ನ ಕೂಗ್ದ ನೀನು?” ಅಂದರು.

ಹೂಗ್ಯಂನ ಮಗು ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ನಿಂತಿತ್ತು. ಅದರ ತಲೆಯ ಮೇಲೆ ಕೈಯಿಟ್ಟು, ಇವಳನ್ನೇ ಅಂದೆ.